ಮಕ್ಕಳ ದೃಷ್ಟಿನರದ ಚಿತ್ರಣ: ಯಾವ ಅನುಮಾನಕ್ಕೆ ಯಾವ ಚಿತ್ರ, ತೆಗೆಯುವುದು ಹೇಗೆ, ಓದುವುದು ಹೇಗೆ

ತಲೆನೋವೆಂದು ಕನ್ನಡಕದ ಪರೀಕ್ಷೆಗೆ ಬರುವ ಎಂಟು ಹತ್ತು ವರ್ಷದ ಮಕ್ಕಳಲ್ಲಿ ಆಗಾಗ ಒಂದು ಪೇಚು ಎದುರಾಗುತ್ತದೆ. ದೃಷ್ಟಿ 6/6 ಇರುತ್ತದೆ. ಡ್ರಾಪ್ಸ್ ಹಾಕಿ ಒಳಗೆ ನೋಡಿದರೆ ಎರಡೂ ಡಿಸ್ಕ್‌ಗಳ (ಕಣ್ಣಿನೊಳಗೆ ದುಂಡಗೆ ಕಾಣುವ ದೃಷ್ಟಿನರದ ತಲೆಭಾಗ) ಅಂಚು ಮಸುಕು. ತಲೆಯೊಳಗಿನ ಒತ್ತಡ ಏರಿ ದೃಷ್ಟಿನರದ ತಲೆಭಾಗ ಊದಿಕೊಂಡಿದೆಯೇ, ಇಲ್ಲಾ ಈ ಮಗುವಿನ ಡಿಸ್ಕ್ ಇರುವುದೇ ಹಾಗೆಯೇ? ಊತವಾದರೆ ತಡಮಾಡದೆ ಎಂಆರ್‌ಐ ಆಗಬೇಕು, ಆಮೇಲೆ ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆಯಬೇಕು. ಊತವಲ್ಲದಿದ್ದರೆ ಇವೆರಡೂ ಮಗುವಿಗೆ ಸುಮ್ಮನೆ ಕೊಟ್ಟ ಹಿಂಸೆ, ಮನೆಯವರಿಗೆ ದಂಡದ ಖರ್ಚು.

ಇಂಥ ಪ್ರಶ್ನೆಗಳನ್ನು ಬಿಡಿಸಲು ಇಂದು ಫಂಡಸ್ (ಕಣ್ಣಿನ ಹಿಂಗೋಡೆಯ) ಫೋಟೋ, ಒಸಿಟಿ (ಬೆಳಕಿನಿಂದ ಪದರಗಳನ್ನು ಸೀಳಿ ತೋರಿಸುವ ಸ್ಕ್ಯಾನ್), ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್), ಆಟೋಫ್ಲೂರೊಸೆನ್ಸ್ (ಬಣ್ಣ ಚುಚ್ಚದೆ, ತಾನಾಗಿ ಹೊಳೆಯುವುದನ್ನು ಹಿಡಿಯುವ ಫೋಟೋ), ಆಂಜಿಯೋಗ್ರಫಿ (ಬಣ್ಣ ಚುಚ್ಚಿ ರಕ್ತನಾಳ ನೋಡುವುದು) ಎಲ್ಲವೂ ಕೈಗೆಟುಕುತ್ತವೆ. ತೊಂದರೆಯೆಂದರೆ ಇವುಗಳಲ್ಲಿ ಬಹುತೇಕ ಯಂತ್ರಗಳನ್ನು ದೊಡ್ಡವರ ಕಣ್ಣಿಗಾಗಿ ರೂಪಿಸಲಾಗಿದೆ. ಅವು ಮುದ್ರಿಸಿಕೊಡುವ ಕೆಂಪು, ಹಳದಿ, ಹಸಿರು ಬಣ್ಣಗಳನ್ನು ಮಗುವಿನ ವಿಷಯದಲ್ಲಿ ಹಾಗೇ ನಂಬಿದರೆ ಎರಡೂ ಕಡೆ ತಪ್ಪಾಗುತ್ತದೆ: ಆರೋಗ್ಯವಂತ ಮಗುವಿಗೆ ರೋಗದ ಹಣೆಪಟ್ಟಿ ಬೀಳುತ್ತದೆ, ರೋಗವಿರುವ ಮಗು ಕೈತಪ್ಪಿ ಹೋಗುತ್ತದೆ. ಆಪ್ಟೊಮೆಟ್ರಿಸ್ಟರು, ನೇತ್ರ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಮಕ್ಕಳ ವೈದ್ಯರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ. ಮಗುವಿನ ಸ್ಕ್ಯಾನ್ ಕೈಯಲ್ಲಿ ಹಿಡಿದ ತಂದೆತಾಯಿಯರಿಗೂ ಬಹುಪಾಲು ಅರ್ಥವಾದೀತು.

ಯಂತ್ರದ ಮುಂದೆ ಕೂರಿಸುವ ಮೊದಲು

ಡ್ರಾಪ್ಸ್ ಹಾಕಿದ ಮೇಲೆ ನೋಡಲಾಗದ ಸಂಗತಿಗಳಿವೆ. ಅವನ್ನು ಮೊದಲೇ ಮುಗಿಸಿ:

1. ಎರಡೂ ಕಣ್ಣುಗಳ ದೃಷ್ಟಿ, ಬೇರೆಬೇರೆಯಾಗಿ. ಅಕ್ಷರ ಬಾರದ ಮಗುವಿಗೆ ಚಿತ್ರದ ಚಾರ್ಟ್. ಕೂಸಾದರೆ ಬೆಳಕನ್ನೋ ಆಟಿಕೆಯನ್ನೋ ಹಿಂಬಾಲಿಸುತ್ತದೆಯೇ ಎಂಬುದು.
2. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತೂಗಾಡಿಸಿ ಪಾಪೆಯ ಪ್ರತಿಕ್ರಿಯೆ. ಒಂದೇ ಕಡೆಯ ನರ ಕೆಟ್ಟಿದ್ದರೆ ಇಷ್ಟರಲ್ಲೇ ಗೊತ್ತಾಗುತ್ತದೆ.
3. ಬಣ್ಣದ ಗುರುತಿಸುವಿಕೆ, ಕಣ್ಣಿನ ಚಲನೆ. ಹೊರಗಡೆ ತಿರುಗದ ಕಣ್ಣು, ಅಂದರೆ ಆರನೆಯ ನರದ ದೌರ್ಬಲ್ಯ, ಒತ್ತಡ ಏರಿದ್ದರ ದೊಡ್ಡ ಸುಳಿವು.
4. ರಕ್ತದೊತ್ತಡ. ಮಕ್ಕಳ ಕಣ್ಣಿನ ಒಪಿಡಿಯಲ್ಲಿ ಇದನ್ನು ಯಾರೂ ಅಳೆಯುವುದಿಲ್ಲ. ಮೂತ್ರಪಿಂಡದ ಕಾಯಿಲೆಯಿಂದ ಬಿಪಿ ವಿಪರೀತ ಏರಿದ ಮಗುವಿನ ಡಿಸ್ಕ್ ಕೂಡ ಊದಿಕೊಳ್ಳುತ್ತದೆ. ಮಗುವಿನ ಅಳತೆಯ ಪಟ್ಟಿಯನ್ನೇ ಬಳಸಿ.
5. ಔಷಧಿಗಳ ಪಟ್ಟಿ. ಮೊಡವೆಗೆ ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಅಥವಾ ಐಸೊಟ್ರೆಟಿನಾಯಿನ್, ಬೆಳವಣಿಗೆಯ ಹಾರ್ಮೋನು, ಹೆಚ್ಚಾದ ವಿಟಮಿನ್ ಎ, ದಿಢೀರನೆ ನಿಲ್ಲಿಸಿದ ಸ್ಟೀರಾಯ್ಡ್: ಇವೆಲ್ಲ ತಲೆಯೊಳಗಿನ ಒತ್ತಡ ಏರಿಸಬಲ್ಲವು. ಕ್ಷಯಕ್ಕೆ ಎಥಾಂಬುಟಾಲ್ ನುಂಗುತ್ತಿದೆಯೇ ಎಂಬುದನ್ನೂ ಕೇಳಿ.

ಬೆಳಗಿನ ಜಾವ ಹೆಚ್ಚುವ ತಲೆನೋವು, ವಾಂತಿ, ಎರಡೆರಡಾಗಿ ಕಾಣುವುದು, ಬಗ್ಗಿದಾಗ ಕ್ಷಣಕಾಲ ಕಣ್ಣು ಕತ್ತಲಾಗುವುದು, ನಡಿಗೆ ತಪ್ಪುವುದು, ಮಂಪರು: ಇವುಗಳಲ್ಲಿ ಯಾವುದಾದರೂ ಇದ್ದು ಡಿಸ್ಕ್ ಉಬ್ಬಿದ್ದರೆ ಈ ಬರಹದ ಮುಂದಿನ ಹೆಜ್ಜೆಗಳು ಆ ಮಗುವಿಗಲ್ಲ. ಬಿಡುವಿದ್ದರೆ ಒಂದು ಫೋಟೋ ತೆಗೆದು, ಅದೇ ದಿನ ಮಿದುಳಿನ ಎಂಆರ್‌ಐ ಹಾಗೂ ಸಿರೆಗಳ ಎಂಆರ್‌ವಿಗೆ ಕಳಿಸಿ. ಒಸಿಟಿಗೆ ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕೊಟ್ಟು ಕೂರುವುದು ಅಪರಾಧ. ಇಂಥ ಮಗುವಿಗೆ ಡ್ರಾಪ್ಸ್ ಹಾಕಿದ್ದರೆ ಯಾವ ಔಷಧಿ, ಎಷ್ಟು ಗಂಟೆಗೆ ಎಂದು ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ವಾರ್ಡಿನಲ್ಲಿ ಹಿಗ್ಗಿದ ಪಾಪೆ ನೋಡಿದವರು ಬೇರೇನೋ ಅಂದುಕೊಳ್ಳುತ್ತಾರೆ.

ಮಗುವನ್ನು ಒಪ್ಪಿಸುವುದು

ನಾಲ್ಕೈದು ವರ್ಷ ದಾಟಿದ ಹೆಚ್ಚಿನ ಮಕ್ಕಳು ಮೇಜಿನ ಒಸಿಟಿಗೆ ಕೂರುತ್ತಾರೆ. ಚುರುಕಾದ ಮೂರು ವರ್ಷದ ಮಕ್ಕಳೂ ಕೂತಾರು. ಸೋಲುವುದು ಹೆಚ್ಚಾಗಿ ಎತ್ತರದಿಂದ. ಗಲ್ಲ ಇಡುವ ಜಾಗಕ್ಕೆ ಗಲ್ಲ ತಲುಪಲು ಮಗು ಕತ್ತು ಚಾಚಬೇಕಾದರೆ ಹತ್ತು ಸೆಕೆಂಡಿನಲ್ಲಿ ಹಣೆ ಪಟ್ಟಿಯಿಂದ ಹಿಂದೆ ಸರಿಯುತ್ತದೆ, ಚಿತ್ರ ಮೇಲಿನಿಂದ ಕತ್ತಲಾಗುತ್ತದೆ. ತಿರುಗುವ ಕುರ್ಚಿ ಬೇಡ, ಗಟ್ಟಿ ಸ್ಟೂಲು ಹಾಕಿ. ಚಿಕ್ಕ ಮಗುವನ್ನು ಮಂಡಿಯೂರಿ ನಿಲ್ಲಿಸಬಹುದು, ಅಥವಾ ಅಮ್ಮನ ತೊಡೆಯ ಮೇಲೆ ಕೂರಿಸಬಹುದು. ಹಿಂದಿನಿಂದ ಅಪ್ಪನೋ ಅಜ್ಜಿಯೋ ತಲೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ ಹಿಡಿಯಲಿ.

ಮೊದಲ ಸ್ಕ್ಯಾನು ಯಾವಾಗಲೂ ಅನುಮಾನವಿರುವ ಕಣ್ಣಿನದೇ ಆಗಲಿ. ಮಗುವಿನ ತಾಳ್ಮೆ ಎರಡನೆಯ ಕಣ್ಣಿನ ಹೊತ್ತಿಗೆ ಮುಗಿದಿರುತ್ತದೆ. "ಒಳಗೆ ಹಸಿರು ನಕ್ಷತ್ರ ಇದೆ, ಅದು ಮಿಣುಕಿದರೆ ಹೇಳು ಪುಟ್ಟಾ" ಅಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. "ಅಲ್ಲಾಡಬೇಡ" ಅಂದರೆ ಅಲ್ಲಾಡುತ್ತದೆ. ಪ್ರತಿ ಸ್ಕ್ಯಾನಿಗೆ ಮುಂಚೆ ರೆಪ್ಪೆ ಮಿಟುಕಿಸಲು ಹೇಳಿ, ಕಣ್ಣು ಒಣಗಿದ್ದರೆ ಒಂದು ಹನಿ ಕೃತಕ ಕಣ್ಣೀರು ಹಾಕಿ. ಕಣ್ಣಿನ ಒತ್ತಡ ಅಳೆಯುವುದು, ಕಾರ್ನಿಯಾ ಮುಟ್ಟುವ ಪರೀಕ್ಷೆಗಳು ಇದ್ದರೆ ಚಿತ್ರಗಳೆಲ್ಲ ಮುಗಿದ ಮೇಲೆ.

ಪಾಪೆ 3 ಮಿ.ಮೀ. ಇದ್ದರೆ ಒಸಿಟಿ ಡ್ರಾಪ್ಸ್ ಇಲ್ಲದೆಯೂ ಆಗುತ್ತದೆ. ಆದರೆ ಒಳ್ಳೆಯ ಫೋಟೋ ಬೇಕು, ಕನ್ನಡಕದ ನಂಬರೂ ಬೇಕು, ಹಾಗಾಗಿ ಹಾಕುವುದೇ ಸರಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸಂಯುಕ್ತ ಡ್ರಾಪ್ಸ್‌ನಲ್ಲಿ ಟ್ರಾಪಿಕಮೈಡ್ 0.8% ಮತ್ತು ಫಿನೈಲೆಫ್ರಿನ್ 5% ಇರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಇದನ್ನು ಹಾಗೇ ಹಾಕಬಾರದು. ಅರ್ಧಕ್ಕೆ ತೆಳುಗೊಳಿಸಿ 0.4% ಮತ್ತು 2.5% ಮಾಡಿಕೊಳ್ಳಬೇಕು. ಕೆನ್ನೆಗೆ ಇಳಿದದ್ದನ್ನು ಒರೆಸಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಔಷಧಿ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಫಿನೈಲೆಫ್ರಿನ್ 10% ಮಕ್ಕಳ ಕಣ್ಣಿನ ಹತ್ತಿರವೂ ಬರಬಾರದು.

ಕೂಸುಗಳಿಗೆ ಕೈಯಲ್ಲಿ ಹಿಡಿಯುವ ಒಸಿಟಿ ಇದೆ, ಆದರೆ ಎಲ್ಲ ಕಡೆ ಇಲ್ಲ. ಎಂಆರ್‌ಐಗೆ ಹೇಗೂ ನಿದ್ರೆ ಬರಿಸುವುದಿದ್ದರೆ ಕಣ್ಣಿನ ಚಿತ್ರಗಳನ್ನೂ ಅದೇ ನಿದ್ರೆಯಲ್ಲಿ ಮುಗಿಸುವಂತೆ ಅರಿವಳಿಕೆ ವೈದ್ಯರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಹುಟ್ಟಿದ ಮಗುವಿನ ಕಣ್ಣಿನ ಉದ್ದ ಸುಮಾರು 17 ಮಿ.ಮೀ., ದೊಡ್ಡವರದು 23–24. ಕೈ ಒಸಿಟಿಯಲ್ಲಿ ಈ ಉದ್ದಕ್ಕೆ ತಕ್ಕಂತೆ ರೆಫರೆನ್ಸ್ ಆರ್ಮ್ (ಬೆಳಕು ಸಾಗುವ ದೂರ ಸರಿಪಡಿಸುವ ಭಾಗ) ಹೊಂದಿಸದಿದ್ದರೆ ರೆಟಿನಾ ಪರದೆಯ ಮೇಲೆ ಕಾಣುವುದೇ ಇಲ್ಲ. ಯಂತ್ರ ಕೆಟ್ಟಿದೆ ಎಂದು ಕೈಬಿಡುವವರು ಇಲ್ಲೇ ಎಡವುವುದು.

ಫಂಡಸ್ ಫೋಟೋ: ಮೊದಲ ದಾಖಲೆ

ಒಸಿಟಿ ಬಂದ ಮೇಲೆ ಫೋಟೋಗೆ ಬೆಲೆ ಕಡಿಮೆಯಾಗಿದೆ. ಅದು ಸರಿಯಲ್ಲ. ಡಿಸ್ಕಿನ ಬಣ್ಣ, ರಕ್ತಸ್ರಾವ, ನಾಳಗಳು ಮುಚ್ಚಿಹೋಗಿರುವುದು ಕಾಣುವುದು ಫೋಟೋದಲ್ಲಿ. ಆರು ತಿಂಗಳ ನಂತರ ಬೇರೆ ಊರಿನ ವೈದ್ಯರು ಹೋಲಿಸಿ ನೋಡಲು ಸಾಧ್ಯವಾಗುವುದೂ ಫೋಟೋದಿಂದಲೇ, ಯಾಕೆಂದರೆ ಒಂದು ಕಂಪನಿಯ ಒಸಿಟಿ ಅಂಕಿಗಳನ್ನು ಇನ್ನೊಂದು ಕಂಪನಿಯದರ ಜೊತೆ ಹೋಲಿಸಲಾಗದು.

ಪ್ರತಿ ಕಣ್ಣಿಗೆ ಮೂರು ಚಿತ್ರ ಸಾಕು. 45 ಡಿಗ್ರಿಯ ಒಂದು ಚಿತ್ರದಲ್ಲಿ ಡಿಸ್ಕ್ ಮತ್ತು ಮ್ಯಾಕ್ಯುಲಾ (ನೇರ ನೋಟದ ರೆಟಿನಾ ಭಾಗ) ಎರಡೂ ಬರಲಿ. ಡಿಸ್ಕನ್ನೇ ನಡುವೆ ಇಟ್ಟು 30 ಡಿಗ್ರಿಯ ಇನ್ನೊಂದು. ಅದೇ ಜಾಗದ್ದು ಹಸಿರು ಫಿಲ್ಟರ್ ಹಾಕಿ ಮತ್ತೊಂದು. ನರತಂತುಗಳ ಗೆರೆಗಳು ಅದರಲ್ಲಿ ಎದ್ದು ಕಾಣುತ್ತವೆ. ಬೆಳಕು ಹೆಚ್ಚಾದರೆ ಚೆನ್ನಾಗಿರುವ ಡಿಸ್ಕೂ ಬಿಳಿಚಿದಂತೆ ಕಾಣುತ್ತದೆ, ಫೋಕಸ್ ತಪ್ಪಿದರೆ ಅಂಚು ಮಸುಕಾಗಿ ಊತದ ಭ್ರಮೆ ಹುಟ್ಟುತ್ತದೆ. ಡಿಸ್ಕಿನಿಂದ ಒಂದು ಡಿಸ್ಕಿನ ಅಗಲದಷ್ಟು ದೂರದ ಸಣ್ಣ ರಕ್ತನಾಳಗಳು ಚೂಪಾಗಿವೆಯೇ ಎಂದು ಮೊದಲು ನೋಡಿ. ಅವು ಚೂಪಾಗಿದ್ದು ಡಿಸ್ಕಿನ ಅಂಚು ಮಾತ್ರ ಮಸುಕಾಗಿದ್ದರೆ ಆಗ ಅದನ್ನು ನಂಬಿ.

ನವಜಾತ ಶಿಶುಗಳಿಗೆ ಕಣ್ಣಿಗೆ ತಾಗಿಸಿ ತೆಗೆಯುವ ಅಗಲ ಕೋನದ ಕ್ಯಾಮೆರಾಗಳಿವೆ. ಕರ್ನಾಟಕದಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಅವಧಿಪೂರ್ವ ಶಿಶುಗಳ ರೆಟಿನಾ ಕಾಯಿಲೆ ಪತ್ತೆಗೆಂದು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಿಂದಾಗಿ ಜಿಲ್ಲೆಗಳ ಶಿಶು ಘಟಕಗಳಿಗೂ ಇಂಥ ಕ್ಯಾಮೆರಾ, ಅದನ್ನು ಹಿಡಿಯಲು ಬಲ್ಲ ತಂತ್ರಜ್ಞರು ಹೋಗಿ ಬರುತ್ತಾರೆ. ಬೆಂಗಳೂರಿನದೇ ಫೋರಸ್ ಹೆಲ್ತ್ ಸಂಸ್ಥೆ ತಯಾರಿಸುವ 3ನೇತ್ರ ನಿಯೊ 120 ಡಿಗ್ರಿ ತೋರಿಸುತ್ತದೆ. ರೆಟಿನಾಗೆಂದು ತೆಗೆದ ಚಿತ್ರದಲ್ಲೇ ಡಿಸ್ಕ್ ಕೂಡ ಇರುತ್ತದೆ, ನೋಡುವ ಕಣ್ಣು ಬೇಕಷ್ಟೆ. ಎಚ್ಚರ ಒಂದೇ: ಕ್ಯಾಮೆರಾ ಒತ್ತಿ ಹಿಡಿದರೆ ಕಣ್ಣಿನ ಒತ್ತಡ ಏರಿ ಡಿಸ್ಕ್ ಬಿಳಿಚಿಕೊಳ್ಳುತ್ತದೆ. ಕೈ ಹಗುರ ಮಾಡಿ ಎರಡನೆಯ ಚಿತ್ರ ತೆಗೆಯದೆ ನರ ಸತ್ತಿದೆ ಎಂದು ಬರೆಯಬೇಡಿ.

ಒಸಿಟಿ: ತೆಗೆಯುವ ಕ್ರಮ

ದೃಷ್ಟಿನರದ ಅನುಮಾನಕ್ಕೆ "ಒಸಿಟಿ ಮಾಡಿ" ಎಂದಷ್ಟೇ ಬರೆದರೆ ಮ್ಯಾಕ್ಯುಲಾದ ಒಂದು ಅಡ್ಡಗೆರೆ ಬಂದೀತು. ಬೇಕಾದದ್ದನ್ನು ಹೆಸರಿಸಿ ಕೇಳಿ.

ಮೊದಲನೆಯದು ಡಿಸ್ಕಿನ ಸುತ್ತ ವೃತ್ತಾಕಾರದ ಸ್ಕ್ಯಾನ್. ಸುಮಾರು 3.4–3.5 ಮಿ.ಮೀ. ವ್ಯಾಸದ ವೃತ್ತದಲ್ಲಿ ನರತಂತು ಪದರದ ದಪ್ಪ ಅಳೆಯುತ್ತದೆ. ಎರಡನೆಯದು ಮ್ಯಾಕ್ಯುಲಾದ ಘನ ಸ್ಕ್ಯಾನ್. ಗ್ಯಾಂಗ್ಲಿಯಾನ್ ಕೋಶಗಳ, ಅಂದರೆ ಈ ನರತಂತುಗಳು ಹೊರಡುವ ಕೋಶಗಳ, ಪದರ ಅಳೆಯಲು. ಮೂರನೆಯದು ಡಿಸ್ಕಿನ ಒಳಗನ್ನೇ ಸೀಳಿ ತೋರಿಸುವ ದಟ್ಟ ಸ್ಕ್ಯಾನ್, ಇಡಿಐ ವಿಧಾನದಲ್ಲಿ, ಅಂದರೆ ಆಳದ ಭಾಗ ಸ್ಪಷ್ಟವಾಗುವ ಹಾಗೆ. ಗೆರೆಗಳ ನಡುವಿನ ಅಂತರ ಸುಮಾರು 30 ಮೈಕ್ರಾನ್ ಇರಲಿ. ಅದಕ್ಕಿಂತ ವಿರಳವಾದರೆ ಸಣ್ಣ ಡ್ರೂಸನ್ (ಡಿಸ್ಕಿನೊಳಗಿನ ಗಂಟು) ಎರಡು ಗೆರೆಗಳ ನಡುವೆ ಅವಿತು ಕೂರುತ್ತದೆ. ಸರಾಸರಿಗೆ ಸೇರಿಸುವ ಚಿತ್ರಗಳ ಸಂಖ್ಯೆ ಸಾಧ್ಯವಾದರೆ 30, ಮಗು ಚಡಪಡಿಸಿದರೆ 10–15ಕ್ಕೆ ಇಳಿಸಿ. ಅರ್ಧಕ್ಕೆ ನಿಂತ ಉತ್ತಮ ಸ್ಕ್ಯಾನಿಗಿಂತ ಪೂರ್ತಿ ಮುಗಿದ ಸಾಧಾರಣ ಸ್ಕ್ಯಾನ್ ಮೇಲು.

ಮುದ್ರಿಸುವ ಮೊದಲು ನಾಲ್ಕು ವಿಷಯ ನೋಡಿ. ಸಿಗ್ನಲ್ ಸಾಕಷ್ಟಿದೆಯೇ: ಸಿರಸ್ ಯಂತ್ರದಲ್ಲಿ 10ಕ್ಕೆ ಕನಿಷ್ಠ 6, ಸ್ಪೆಕ್ಟ್ರಾಲಿಸ್‌ನಲ್ಲಿ 20ರ ಮೇಲಿದ್ದರೆ ನೆಮ್ಮದಿ. ಸಿಗ್ನಲ್ ಇಳಿದಷ್ಟೂ ಪದರ ಸುಳ್ಳಾಗಿ ತೆಳುವಾಗುತ್ತದೆ. ಎರಡನೆಯದಾಗಿ ವೃತ್ತದ ನಡುವೆ ಡಿಸ್ಕ್ ಕೂತಿದೆಯೇ: ವೃತ್ತ ಮೇಲಕ್ಕೆ ಸರಿದರೆ ಕೆಳಗಿನ ಭಾಗ ಡಿಸ್ಕಿಗೆ ಹತ್ತಿರವಾಗಿ ದಪ್ಪ ಕಾಣುತ್ತದೆ, ಮೇಲಿನದು ತೆಳು. ಒಂದು ಕಡೆ ತೆಳು, ಸರಿಯಾಗಿ ಅದರ ಎದುರು ದಪ್ಪ ಎಂದು ಕಂಡರೆ ರೋಗಕ್ಕಿಂತ ಮೊದಲು ವೃತ್ತವನ್ನು ಅನುಮಾನಿಸಿ. ಮೂರನೆಯದು ರಕ್ತನಾಳಗಳು ತುಂಡಾದಂತೆ ಕಾಣುತ್ತಿವೆಯೇ, ಅಂದರೆ ನಡುವೆ ಕಣ್ಣು ಅಲುಗಿದೆ. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ಪದರದ ಮೇಲೂ ಕೆಳಗೂ ಯಂತ್ರ ತಾನೇ ಎಳೆದ ಗೆರೆಗಳು ನಿಜವಾದ ಅಂಚಿನ ಮೇಲಿವೆಯೇ? ತುಂಬಾ ಊದಿದ ಡಿಸ್ಕಿನ ಸುತ್ತ ಕೆಳಗಿನ ಗೆರೆ ಜಾರಿ ಬೀಳುತ್ತದೆ. ಆಗ ಮುದ್ರಿತ ಸಂಖ್ಯೆಗೆ ಅರ್ಥವಿಲ್ಲ.

ಮುಂದಿನ ಭೇಟಿಯಲ್ಲಿ ಅದೇ ಯಂತ್ರ, ಮೊದಲ ಸ್ಕ್ಯಾನನ್ನೇ ಆಧಾರವಾಗಿಟ್ಟ ಮರುಸ್ಕ್ಯಾನ್ ಆಯ್ಕೆ. ಮಗುವಿನ ಹೆಸರು, ಹುಟ್ಟಿದ ದಿನಾಂಕ ಎರಡು ಸಲ ಎರಡು ರೀತಿ ನಮೂದಾದರೆ ಯಂತ್ರಕ್ಕೆ ಅದು ಹೊಸ ಮಗು, ಹೋಲಿಕೆಯ ಗ್ರಾಫೇ ಬರುವುದಿಲ್ಲ.

ಬಣ್ಣಗಳನ್ನು ಏಕೆ ನಂಬಬಾರದು

ಬಳಕೆಯಲ್ಲಿರುವ ಹೆಚ್ಚಿನ ಯಂತ್ರಗಳ ಹೋಲಿಕೆಯ ಅಂಕಿಅಂಶ ಶುರುವಾಗುವುದೇ 18 ವರ್ಷದಿಂದ. ಅದಕ್ಕಿಂತ ಚಿಕ್ಕವರಿಗೆ ಕೆಲವು ಯಂತ್ರಗಳು ಬಣ್ಣವನ್ನೇ ಹಾಕುವುದಿಲ್ಲ. ಹಾಗಿರುವಾಗ ಬಣ್ಣ ಬರಲೆಂದು ಹುಟ್ಟಿದ ವರ್ಷವನ್ನು ತಿದ್ದಿ ಹಾಕುವ ಚಾಳಿ ಕೆಲವೆಡೆ ಇದೆ. ದಯವಿಟ್ಟು ಬೇಡ; ಮಗುವಿನ ಕಡತವೂ ಕೆಡುತ್ತದೆ, ಓದುವವರೂ ಮೋಸಹೋಗುತ್ತಾರೆ. ಆರೋಗ್ಯವಂತ ಮಕ್ಕಳ ನರತಂತು ಪದರದ ಸರಾಸರಿ 100 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ, ಹೆಚ್ಚು ಕಡಿಮೆ 90ರಿಂದ 115.

ಒಂದು ಪ್ರಿಂಟ್‌ಔಟನ್ನು ಹತ್ತಿರದಿಂದ ನೋಡೋಣ. ಹತ್ತು ವರ್ಷದ ಮಗು, ಕನ್ನಡಕ ಮೈನಸ್ 5. ಸರಾಸರಿ 86 ಮೈಕ್ರಾನ್, ಮೇಲೆ ಮತ್ತು ಕೆಳಗೆ ಕೆಂಪು, ಕಿವಿಯ ಕಡೆಯ ಭಾಗ ಎಂದಿಗಿಂತ ದಪ್ಪ. ನೋಡಿದ ತಕ್ಷಣ ಗ್ಲಾಕೋಮಾ ಅನ್ನಿಸುತ್ತದೆ. ಈಗ ಗ್ರಾಫನ್ನು ನೋಡಿ: ಎರಡು ದಿಬ್ಬಗಳೂ ಇವೆ, ಎತ್ತರವೂ ಚೆನ್ನಾಗಿದೆ, ಆದರೆ ಎರಡೂ ಕಿವಿಯ ಕಡೆಗೆ, ಒಂದರತ್ತ ಒಂದು ವಾಲಿವೆ. ಉದ್ದವಾದ ಸಮೀಪದೃಷ್ಟಿಯ ಕಣ್ಣಿನಲ್ಲಿ ನರತಂತುಗಳ ಕಟ್ಟು ಹೀಗೆ ಸರಿಯುವುದು ಸಹಜ. ಯಂತ್ರ ದಿಬ್ಬವನ್ನು ತಾನು ನಿರೀಕ್ಷಿಸಿದ ಜಾಗದಲ್ಲಿ ಹುಡುಕಿ, ಸಿಗದೆ ಕೆಂಪು ಬಳಿದಿದೆ. ಸಾಲದ್ದಕ್ಕೆ ಉದ್ದ ಕಣ್ಣಿನಲ್ಲಿ ಸ್ಕ್ಯಾನಿನ ವೃತ್ತ ನಿಜವಾಗಿ ದೊಡ್ಡದಾಗಿ ಬೀಳುತ್ತದೆ, ಡಿಸ್ಕಿನಿಂದ ದೂರ ಹೋದಷ್ಟೂ ಪದರ ತೆಳು. ಪ್ಲಸ್ ಪವರಿನ ಗಿಡ್ಡ ಕಣ್ಣಿನಲ್ಲಿ ಇದರ ತಿರುಗು: ವೃತ್ತ ಚಿಕ್ಕದು, ಪದರ ಸುಳ್ಳಾಗಿ ದಪ್ಪ, ನಿಜವಾದ ನಷ್ಟ ಹಸಿರಿನೊಳಗೆ ಮುಚ್ಚಿಹೋಗುತ್ತದೆ. ಆದ್ದರಿಂದ ರಿಪೋರ್ಟಿನ ಮೇಲೆ ಕನ್ನಡಕದ ನಂಬರು, ಸಾಧ್ಯವಿದ್ದರೆ ಕಣ್ಣಿನ ಉದ್ದ ಬರೆಯದೆ ಒಸಿಟಿ ಓದಬೇಡಿ.

ಬಣ್ಣದ ಬದಲು ಮೂರು ಹೋಲಿಕೆ ಮಾಡಿ: ಇದೇ ಮಗುವಿನ ಇನ್ನೊಂದು ಕಣ್ಣಿನೊಡನೆ, ಇದೇ ಕಣ್ಣಿನ ಹಿಂದಿನ ಸ್ಕ್ಯಾನಿನೊಡನೆ, ಮತ್ತು ಡಿಸ್ಕಿನ ಪದರವನ್ನು ಮ್ಯಾಕ್ಯುಲಾದ ಗ್ಯಾಂಗ್ಲಿಯಾನ್ ಪದರದೊಡನೆ.

ಉಬ್ಬಿದ ಡಿಸ್ಕ್: ನಿಜವೋ ತೋರಿಕೆಯೋ

ಮಕ್ಕಳಲ್ಲಿ ಸುಳ್ಳು ಊತಕ್ಕೆ ದೊಡ್ಡ ಕಾರಣ ಡ್ರೂಸನ್, ಡಿಸ್ಕಿನೊಳಗೆ ಸೇರಿಕೊಂಡ ಸಣ್ಣ ಗಂಟುಗಳು. ಪರೀಕ್ಷೆಯಲ್ಲಿ ಕಾಣುವುದು ಸುಮಾರು 0.4% ಮಕ್ಕಳಲ್ಲಿ. ಎಳೆಯ ವಯಸ್ಸಿನಲ್ಲಿ ಅವು ಆಳದಲ್ಲಿ ಹೂತಿರುತ್ತವೆ, ಸುಣ್ಣವೂ ಕಟ್ಟಿರುವುದಿಲ್ಲ; ಹದಿಹರೆಯದ ಹೊತ್ತಿಗೆ ಮೇಲೆ ಬರುತ್ತವೆ. ದೊಡ್ಡವರಲ್ಲಿ ಸಲೀಸಾಗಿ ಸಿಗುವ ಡ್ರೂಸನ್ ಎಂಟು ವರ್ಷದ ಮಗುವಿನಲ್ಲಿ ಸತಾಯಿಸುವುದು ಅದಕ್ಕೇ. ಖರ್ಚಿಲ್ಲದ ಒಂದು ಉಪಾಯವಿದೆ: ಅಪ್ಪ ಅಮ್ಮನ ಡಿಸ್ಕ್ ನೋಡಿ. ಇದು ಮನೆತನದಲ್ಲಿ ಹರಿದು ಬರುವ ಲಕ್ಷಣ. ಮಗುವಿನಲ್ಲಿ ಹೂತಿರುವುದು ಅಮ್ಮನಲ್ಲಿ ಬಟಾಬಯಲಾಗಿ ಹೊಳೆಯುತ್ತಿರಬಹುದು.

ಫೋಟೋದಲ್ಲಿ ಮೊದಲು ನೋಡಬೇಕಾದದ್ದು ರಕ್ತನಾಳಗಳನ್ನು. ನಿಜವಾದ ಊತದಲ್ಲಿ ನರತಂತು ಪದರವೇ ಬೆಳ್ಳಗೆ ಉಬ್ಬಿ, ಡಿಸ್ಕ್ ದಾಟುವ ನಾಳಗಳನ್ನು ಅಲ್ಲಲ್ಲಿ ಮುಚ್ಚುತ್ತದೆ. ಡ್ರೂಸನ್‌ನಲ್ಲಿ ಅಂಚು ಗುಡ್ಡಗುಡ್ಡವಾಗಿರುತ್ತದೆ, ಆದರೆ ನಾಳಗಳು ಅದರ ಮೇಲೆ ನಿಚ್ಚಳವಾಗಿ ಹರಿಯುತ್ತವೆ. ನಡುವಿನ ಗುಳಿ ಇರುವುದಿಲ್ಲ, ನಾಳಗಳು ಬೇಗ ಬೇಗ ಕವಲೊಡೆಯುತ್ತವೆ. ಊತದ ಮಟ್ಟ ಬರೆಯಲು ಫ್ರಿಸೇನ್ ಮಾಪನ ಬಳಸಿ: ಮೂಗಿನ ಕಡೆಯಿಂದ ಸುತ್ತುವರಿದು ಕಿವಿಯ ಕಡೆ ಮಾತ್ರ ಬಿಟ್ಟ ಅರೆವೃತ್ತದ ಮಬ್ಬು 1, ಪೂರ್ತಿ ಸುತ್ತಿದರೆ 2, ಡಿಸ್ಕಿನ ಅಂಚಿನಲ್ಲಿ ಒಂದಾದರೂ ದೊಡ್ಡ ನಾಳ ಮುಚ್ಚಿದ್ದರೆ 3, ಡಿಸ್ಕಿನ ಮೇಲೆಯೇ ಮುಚ್ಚಿದ್ದರೆ 4, ಎಲ್ಲ ನಾಳಗಳೂ ಮುಚ್ಚಿದ್ದರೆ 5. ಸಿರೆ ತಾನಾಗಿ ಮಿಡಿಯುತ್ತಿರುವುದು ಕಂಡರೆ ಆ ಕ್ಷಣಕ್ಕೆ ಒತ್ತಡ ಏರಿಲ್ಲವೆಂಬ ಧೈರ್ಯ. ಕಾಣದಿದ್ದರೆ ಏನೂ ಹೇಳಲಾಗದು, ಆರೋಗ್ಯವಂತರಲ್ಲೂ ಹಲವರಿಗೆ ಅದು ಕಾಣುವುದಿಲ್ಲ.

ಇನ್ನು ಇಡಿಐ ಒಸಿಟಿ. ಡ್ರೂಸನ್ ಎಂದು ಕರೆಯಲು 2018ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ಒಪ್ಪಿದ ಲಕ್ಷಣಗಳಿವೆ: ಒಳಗೆ ಕಪ್ಪು ತಿರುಳು, ಅದರ ಸುತ್ತ, ವಿಶೇಷವಾಗಿ ಮೇಲ್ಭಾಗದಲ್ಲಿ ಬಿಳಿ ಅಂಚು, ಇರುವ ಜಾಗ ಯಾವಾಗಲೂ ಲ್ಯಾಮಿನಾ ಕ್ರಿಬ್ರೋಸಾದ (ನರತಂತುಗಳು ಕಣ್ಣಿನಿಂದ ಹೊರಹೋಗುವ ಜರಡಿಯಂಥ ಪೊರೆ) ಮೇಲೆ. ಎಡವಟ್ಟಾಗುವುದು ಇನ್ನೊಂದು ವಸ್ತುವಿನಿಂದ. ಡಿಸ್ಕಿನ ಸುತ್ತ, ಬ್ರೂಕ್ಸ್ ಪೊರೆಯ (ರೆಟಿನಾದ ತಳದ ತೆಳು ಪೊರೆ) ಮೇಲೆ, ಬೂದು ಬಿಳಿ ಬಣ್ಣದ ಮೊಟ್ಟೆಯಾಕಾರದ ಮುದ್ದೆ ಕಾಣುತ್ತದೆ, ಒಳಗೆ ಕಪ್ಪು ತಿರುಳಿಲ್ಲ. ಇದಕ್ಕೆ ಫೋಮ್ಸ್ ಎನ್ನುತ್ತಾರೆ. ಹಿಂದೆ ಇದನ್ನೇ ಹೂತ ಡ್ರೂಸನ್ ಎಂದು ತಿಳಿದದ್ದುಂಟು. ನಿಜವಾದ ಪ್ಯಾಪಿಲೆಡೀಮಾದಲ್ಲೂ (ತಲೆಯೊಳಗಿನ ಒತ್ತಡದಿಂದಾದ ಡಿಸ್ಕ್ ಊತ), ಡ್ರೂಸನ್‌ನಲ್ಲೂ, ಓರೆಯಾಗಿ ಕೂತ ಸಮೀಪದೃಷ್ಟಿಯ ಡಿಸ್ಕಿನಲ್ಲೂ ಅದು ಇರುತ್ತದೆ. ಫೋಮ್ಸ್ ಕಂಡು "ಡ್ರೂಸನ್ ಇದೆ, ಗಾಬರಿ ಬೇಡ" ಎಂದು ಮನೆಗೆ ಕಳಿಸಿದ ಮಗುವಿನ ತಲೆಯಲ್ಲಿ ಗಡ್ಡೆ ಇರಬಹುದು. ಅದೇ ಡ್ರೂಸನ್ ಇದ್ದ ಮಾತ್ರಕ್ಕೆ ಆ ಮಗುವಿಗೆ ಒತ್ತಡ ಏರಬಾರದೆಂದೇನೂ ಇಲ್ಲ. ಎರಡೂ ಒಟ್ಟಿಗೆ ಬರಬಹುದು.

ಅದೇ ಸ್ಕ್ಯಾನಿನಲ್ಲಿ ಬ್ರೂಕ್ಸ್ ಪೊರೆಯ ತುದಿಗಳು ಯಾವ ಕಡೆ ಬಾಗಿವೆ ಎಂದೂ ನೋಡಿ. ಹಿಂದಿನಿಂದ ಒತ್ತಡ ತಳ್ಳುತ್ತಿದ್ದರೆ ಅವು ಕಣ್ಣಿನ ಒಳಕ್ಕೆ ಬಾಗುತ್ತವೆ, ಒತ್ತಡ ಇಳಿದಂತೆ ಹಿಂದಕ್ಕೆ ಮರಳುತ್ತವೆ. ನರತಂತು ಪದರದ ದಪ್ಪ ಮಾತ್ರ ಸೌಮ್ಯ ಊತದಲ್ಲಿ ಕೈಕೊಡುತ್ತದೆ. ಡ್ರೂಸನ್‌ದೂ ಪ್ಯಾಪಿಲೆಡೀಮಾದ್ದೂ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಇಷ್ಟು ಮೈಕ್ರಾನ್ ದಾಟಿದರೆ ರೋಗ ಎಂಬ ಗಡಿ ಹುಡುಕುವುದು ವ್ಯರ್ಥ. ಆ ಸಂಖ್ಯೆಗೆ ಬೆಲೆ ಬರುವುದು ಎರಡನೆಯ ಸಲ ಅಳೆದಾಗ. ಸರಾಸರಿಯಲ್ಲಿ 4–5 ಮೈಕ್ರಾನಿನೊಳಗಿನ ಏರಿಳಿತ ಯಂತ್ರದ್ದೇ ಇರಬಹುದು, ಅದಕ್ಕೂ ಹೆಚ್ಚು ಬದಲಾದರೆ ಡಿಸ್ಕ್ ಬದಲಾಗುತ್ತಿದೆ. ಡ್ರೂಸನ್ ವಾರಗಳಲ್ಲಿ ಬದಲಾಗುವುದಿಲ್ಲ, ಊತ ಬದಲಾಗುತ್ತದೆ. ರೋಗಲಕ್ಷಣವೇ ಇಲ್ಲದ, ಬಿಪಿ ಸರಿಯಿರುವ, ದೃಷ್ಟಿ ಚೆನ್ನಾಗಿರುವ ಮಗುವಿನಲ್ಲಿ ಮೊದಲ ದಿನದ ಚಿತ್ರಗಳು ಗೊಂದಲವಾದರೆ ಒಂದೆರಡು ವಾರದಲ್ಲಿ ಮತ್ತೆ ತೆಗೆಯುವುದು, ಆಮೇಲೆ ಎರಡು ಮೂರು ತಿಂಗಳಿಗೆ, ಎಲ್ಲರನ್ನೂ ಎಂಆರ್‌ಐಗೆ ನೂಕುವುದಕ್ಕಿಂತ ವಾಸಿ. ತಲೆನೋವಿದ್ದರೆ ಈ ರಿಯಾಯಿತಿ ಇಲ್ಲ.

ಊತ ಇಳಿಯುತ್ತಿರುವಾಗ ಇನ್ನೊಂದು ಹಳ್ಳವಿದೆ. 180 ಇದ್ದ ದಪ್ಪ ಮೂರು ತಿಂಗಳಲ್ಲಿ 100ಕ್ಕೆ ಬಂದರೆ ಎಲ್ಲರಿಗೂ ಖುಷಿ. ಆದರೆ ನರತಂತುಗಳು ಸಾಯುತ್ತಿದ್ದರೂ ಅದೇ ಅಂಕಿ ಬರುತ್ತದೆ: ಊತದಿಂದ ಹೆಚ್ಚಿದ್ದೂ ಸಾವಿನಿಂದ ಕಳೆದದ್ದೂ ಸೇರಿ ನಾರ್ಮಲ್ ಆಗಿ ಕಾಣುತ್ತದೆ. ಇಲ್ಲಿ ಕೈಹಿಡಿಯುವುದು ಮ್ಯಾಕ್ಯುಲಾದ ಗ್ಯಾಂಗ್ಲಿಯಾನ್ ಪದರ. ಅದಕ್ಕೆ ಊತ ಅಷ್ಟಾಗಿ ತಟ್ಟುವುದಿಲ್ಲ, ನಷ್ಟ ಮಾತ್ರ ತಟ್ಟುತ್ತದೆ. ಡಿಸ್ಕ್ ಇಳಿಯುತ್ತಾ ಈ ಪದರವೂ ತೆಳುವಾಗುತ್ತಿದ್ದರೆ ಚಿಕಿತ್ಸೆ ಸಾಲುತ್ತಿಲ್ಲ.

ಕೊನೆಗೆ ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆಯುವ ಹಂತ ಬಂದರೆ ಮಕ್ಕಳ ಮಿತಿ ದೊಡ್ಡವರದಲ್ಲ: 2013ರ ಪರಿಷ್ಕೃತ ಮಾನದಂಡದ ಪ್ರಕಾರ 250 ಮಿ.ಮೀ. ನೀರಿನ ಮಟ್ಟ, ನಿದ್ರೆ ಬರಿಸಿದ ಅಥವಾ ದಪ್ಪಗಿರುವ ಮಗುವಿಗೆ 280.

ಬಿ-ಸ್ಕ್ಯಾನ್ ಮತ್ತು ಉಳಿದವು

ಬಿ-ಸ್ಕ್ಯಾನಿಗೆ ಮಗುವಿನ ಸಹಕಾರ ಅಷ್ಟು ಬೇಡ, ಜಿಲ್ಲಾ ಮಟ್ಟದಲ್ಲೂ ಯಂತ್ರ ಸಿಗುತ್ತದೆ. 10 ಮೆಗಾಹರ್ಟ್ಸ್ ಪ್ರೋಬ್, ಮುಚ್ಚಿದ ರೆಪ್ಪೆಯ ಮೇಲೆ ಧಾರಾಳ ಜೆಲ್, ಕೈಗೆ ಒತ್ತಡ ಬೇಡ. ನರವನ್ನು ಪರದೆಯ ನಡುವೆ ತಂದು ಗೇನ್ (ಪ್ರತಿಧ್ವನಿ ಹಿಗ್ಗಿಸುವ ಮಟ್ಟ) ಇಳಿಸುತ್ತಾ ಹೋಗಿ. ಉಳಿದದ್ದೆಲ್ಲ ಮಾಯವಾದರೂ ಡಿಸ್ಕಿನಲ್ಲಿ ಒಂದು ಬಿಳಿ ಚುಕ್ಕೆ ಉಳಿದು, ಅದರ ಹಿಂದೆ ನೆರಳು ಬಿದ್ದರೆ ಅದು ಸುಣ್ಣಗಟ್ಟಿದ ಡ್ರೂಸನ್. ಸಿಗದಿದ್ದರೆ ಡ್ರೂಸನ್ ಇಲ್ಲವೆಂದಲ್ಲ, ಎಳೆ ಮಗುವಿನಲ್ಲಿ ಇನ್ನೂ ಸುಣ್ಣ ಕಟ್ಟಿಲ್ಲದಿರಬಹುದು.

ನರದ ಕವಚದ ಅಗಲವನ್ನು ಕಣ್ಣುಗುಡ್ಡೆಯ 3 ಮಿ.ಮೀ. ಹಿಂದೆ ಅಳೆಯಿರಿ, ಪ್ರತಿ ಕಣ್ಣಿಗೆ ಎರಡು ಮೂರು ಸಲ. ಒಂದು ವರ್ಷದೊಳಗಿನ ಕೂಸಿಗೆ 4 ಮಿ.ಮೀ., ಆಮೇಲೆ 4.5 ಮಿ.ಮೀ. ದಾಟಿದರೆ ಅನುಮಾನಿಸಬೇಕು ಎಂಬುದು ಸಾಮಾನ್ಯವಾಗಿ ಬಳಸುವ ಮಿತಿ. ಗಡಿಯ ಹತ್ತಿರದ ಅಂಕಿಯ ಮೇಲೆ ಮಾತ್ರ ನಿರ್ಧಾರ ನಿಲ್ಲಿಸಬೇಡಿ. ಪ್ರೋಬ್ ಸ್ವಲ್ಪ ಓರೆಯಾದರೆ ಅರ್ಧ ಮಿ.ಮೀ. ಹೆಚ್ಚು ಕಡಿಮೆಯಾಗುತ್ತದೆ.

ಆಟೋಫ್ಲೂರೊಸೆನ್ಸ್ ಎರಡು ನಿಮಿಷದ ಕೆಲಸ. ಮೇಲೆ ಬಂದ ಡ್ರೂಸನ್ ಬಿಳಿಯಾಗಿ ಬೆಳಗುತ್ತದೆ, ಹೂತದ್ದು ಬೆಳಗುವುದಿಲ್ಲ. ಫ್ಲೂರೊಸಿನ್ ಆಂಜಿಯೋಗ್ರಫಿಯಲ್ಲಿ ನಿಜವಾದ ಊತ ಕೊನೆಯ ಹಂತದಲ್ಲಿ ಸೋರುತ್ತದೆ, ಡ್ರೂಸನ್ ಬಣ್ಣ ಹಿಡಿಯುತ್ತದೆಯೇ ಹೊರತು ಸೋರುವುದಿಲ್ಲ. ನಿಖರವಾದ ಪರೀಕ್ಷೆ, ಆದರೆ ಸೂಜಿ ಬೇಕು, ಅಲರ್ಜಿಯ ತುರ್ತಿಗೆ ಸಿದ್ಧತೆ ಬೇಕು. ರಕ್ತನಾಳಕ್ಕೆ ಕೊಡುವ ಪ್ರಮಾಣ ಕೆ.ಜಿ.ಗೆ ಸುಮಾರು 7.7 ಮಿ.ಗ್ರಾಂ. ಉಳಿದ ಚಿತ್ರಗಳೆಲ್ಲ ಕೈಚೆಲ್ಲಿದ ಮೇಲೆ ಇದು.

ಚಿಕ್ಕ ಡಿಸ್ಕ್, ವಿಚಿತ್ರ ಡಿಸ್ಕ್

ಬೆಳೆಯದ ದೃಷ್ಟಿನರವನ್ನು ಗುರುತಿಸಲು ದುಬಾರಿ ಯಂತ್ರ ಬೇಡ, ಫೋಟೋ ಮೇಲೆ ಸ್ಕೇಲು ಸಾಕು. ಡಿಸ್ಕಿನ ನಡುವಿನಿಂದ ಫೋವಿಯಾ (ಮ್ಯಾಕ್ಯುಲಾದ ನಡುಗುಳಿ) ನಡುವಿನವರೆಗಿನ ದೂರವನ್ನು ಡಿಸ್ಕಿನ ಸರಾಸರಿ ವ್ಯಾಸದಿಂದ ಭಾಗಿಸಿ. 3 ದಾಟಿದರೆ ಡಿಸ್ಕ್ ಚಿಕ್ಕದು. ವ್ಯಾಸ ಅಳೆಯುವಾಗ ಜಾಗ್ರತೆ: ಇಂಥ ಡಿಸ್ಕಿನ ಸುತ್ತ ಇನ್ನೊಂದು ಬಳೆ ಇರುತ್ತದೆ, ಹೊರಗಿನ ಬಳೆಯನ್ನೇ ಡಿಸ್ಕ್ ಎಂದು ಅಳೆದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಒಸಿಟಿಯಲ್ಲಿ ನರತಂತು ಮತ್ತು ಗ್ಯಾಂಗ್ಲಿಯಾನ್ ಎರಡೂ ಪದರ ತೆಳುವಾಗಿರುತ್ತವೆ, ಕೆಲವರಲ್ಲಿ ಫೋವಿಯಾ ಗುಳಿಯೂ ಪೂರ್ತಿ ಬೆಳೆದಿರುವುದಿಲ್ಲ. ಇಲ್ಲಿ ಕಣ್ಣಿಗಿಂತ ದೊಡ್ಡ ಅಪಾಯ ಮಿದುಳಿನ ಬುಡದ ಹಾರ್ಮೋನು ಗ್ರಂಥಿಯಾದ ಪಿಟ್ಯುಟರಿಯದು. ಕಾರ್ಟಿಸಾಲ್ ಕೊರತೆಯಿದ್ದರೆ ಸಾಧಾರಣ ಜ್ವರದಲ್ಲೇ ಸಕ್ಕರೆ ಕುಸಿದು ಮಗುವಿನ ಪ್ರಾಣಕ್ಕೆ ಬರಬಹುದು. ಹುಟ್ಟಿದಾಗ ಸಕ್ಕರೆ ಇಳಿದಿತ್ತೇ, ಕಾಮಾಲೆ ಬಹಳ ದಿನ ಎಳೆಯಿತೇ, ಎತ್ತರ ಕುಂಠಿತವಾಗಿದೆಯೇ ಎಂದು ಕೇಳಿ, ಮಿದುಳಿನ ಎಂಆರ್‌ಐ ಮತ್ತು ಹಾರ್ಮೋನು ಪರೀಕ್ಷೆಗೆ ಬರೆದುಕೊಡಿ.

ಮಾರ್ನಿಂಗ್ ಗ್ಲೋರಿ ಎಂಬ ಕೊಳವೆಯಂಥ ಡಿಸ್ಕ್ ಕಂಡರೆ ಮಿದುಳಿನ ರಕ್ತನಾಳಗಳ ಚಿತ್ರವೂ ಬೇಕು. ಮೊಯಾಮೊಯಾ (ಮಿದುಳಿನ ದೊಡ್ಡ ರಕ್ತನಾಳಗಳು ಕಿರಿದಾಗುವ ಕಾಯಿಲೆ) ಮತ್ತು ತಲೆಬುಡದ ಎಲುಬಿನ ಬಿರುಕಿನಿಂದ ಮಿದುಳು ಹೊರಚಾಚುವುದು ಇದರ ಜೊತೆ ಬರುತ್ತವೆ. ಡಿಸ್ಕಿನ ನಡುವೆ ನಾಳಗಳೇ ಇಲ್ಲದೆ ಎಲ್ಲವೂ ಅಂಚಿನಿಂದ ಹೊರಟಿದ್ದರೆ ಮೂತ್ರಪಿಂಡದ ಸ್ಕ್ಯಾನ್ ಮಾಡಿಸಿ. ಈ ಡಿಸ್ಕ್‌ಗಳಲ್ಲಿ ಮ್ಯಾಕ್ಯುಲಾದ ಒಸಿಟಿಯನ್ನು ಆಗಾಗ ತೆಗೆಯುವುದು ರೆಟಿನಾದ ಕೆಳಗೆ ನೀರು ತುಂಬುವುದನ್ನು ಬೇಗ ಹಿಡಿಯಲಿಕ್ಕೆ.

ವರ್ಷಗಟ್ಟಲೆ ಹಿಂಬಾಲಿಸಬೇಕಾದವರು

ನ್ಯೂರೋಫೈಬ್ರೊಮಟೋಸಿಸ್ 1 (ನರಗಳಲ್ಲಿ ಗಡ್ಡೆ ಬೆಳೆಯುವ ವಂಶವಾಹಿ ಕಾಯಿಲೆ) ಇರುವ ಮಕ್ಕಳಿಗೆ ದೃಷ್ಟಿನರದ ಗ್ಲಯೋಮಾ ಎಂಬ ಗಡ್ಡೆ ಬರುವ ಸಂಭವವಿದೆ. ಕನಿಷ್ಠ ಎಂಟು ವರ್ಷದವರೆಗೆ ವರ್ಷಕ್ಕೊಮ್ಮೆ ಪೂರ್ಣ ನೇತ್ರ ಪರೀಕ್ಷೆ ಬೇಕು. ಗ್ಲಯೋಮಾ ಇದ್ದರೆ ನರತಂತು ಪದರ ಅಥವಾ ಗ್ಯಾಂಗ್ಲಿಯಾನ್ ಪದರದಲ್ಲಿ 10% ಅಥವಾ ಹೆಚ್ಚಿನ ಇಳಿಕೆಯನ್ನು ದೃಷ್ಟಿ ಹೋಗುತ್ತಿರುವುದರ ಗುರುತಾಗಿ ಗಂಭೀರವಾಗಿ ತೆಗೆದುಕೊಳ್ಳಬೇಕು. ಹಟಮಾಡಿ ಚಾರ್ಟ್ ಓದದ ಮೂರು ವರ್ಷದ ಮಗುವಿನಲ್ಲಿ ಈ ಅಂಕಿಯೇ ಆಧಾರವಾಗುವುದುಂಟು.

ಹುಟ್ಟು ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಇಳಿಸಿದ ಮೇಲೆ ಡಿಸ್ಕಿನ ಗುಳಿ ಚಿಕ್ಕದಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ನಂತರದ ಫೋಟೋ ಪಕ್ಕಪಕ್ಕ ಇಟ್ಟರೆ ಸಾಕು. ಗುಳಿ ಚಿಕ್ಕದಾಯಿತೆಂದು ಸತ್ತ ನರತಂತುಗಳು ಮರಳುವುದಿಲ್ಲ, ಒಸಿಟಿ ಅದನ್ನು ತೋರಿಸುತ್ತದೆ. ಕಣ್ಣು ಇನ್ನೂ ಉದ್ದವಾಗುತ್ತಿದ್ದರೆ ಪದರ ತೆಳುವಾಗುವುದಕ್ಕೆ ಅದೂ ಒಂದು ಕಾರಣವೆಂದು ಲೆಕ್ಕಕ್ಕಿಡಿ.

ದೃಷ್ಟಿನರದ ಉರಿಯೂತದಲ್ಲಿ, ಮಕ್ಕಳಲ್ಲಿ ಮೊಗ್ (ನರದ ಹೊದಿಕೆಯ ಒಂದು ಪ್ರೋಟೀನು) ಪ್ರತಿಕಾಯದಿಂದ ಬರುವುದು ಹೆಚ್ಚು, ಹಲವು ಸಲ ಎರಡೂ ಡಿಸ್ಕ್ ಜೋರಾಗಿ ಊದುತ್ತವೆ ಮತ್ತು ಪ್ಯಾಪಿಲೆಡೀಮಾ ಎಂದೇ ಕಾಣುತ್ತವೆ. ವ್ಯತ್ಯಾಸ ಡಿಸ್ಕಿನಲ್ಲಲ್ಲ, ದೃಷ್ಟಿಯಲ್ಲಿದೆ: ಉರಿಯೂತದಲ್ಲಿ ಅದು ದಿನಗಳಲ್ಲಿ ಕುಸಿಯುತ್ತದೆ, ಕಣ್ಣು ತಿರುಗಿಸಿದರೆ ನೋಯುತ್ತದೆ. ಮೊದಲ ದಿನ, ಮೂರನೆಯ ತಿಂಗಳು, ಆರನೆಯ ತಿಂಗಳು ಸ್ಕ್ಯಾನ್ ಮಾಡಿ.

ಕ್ಷಯದ ಚಿಕಿತ್ಸೆಯಲ್ಲಿ ಎಥಾಂಬುಟಾಲ್ ಪ್ರಮಾಣ ಮಕ್ಕಳಿಗೆ ಕೆ.ಜಿ.ಗೆ 15–25 ಮಿ.ಗ್ರಾಂ. ಇದರಿಂದ ನರಕ್ಕೆ ಪೆಟ್ಟು ಬಿದ್ದಾಗ ಡಿಸ್ಕ್ ಮೊದಮೊದಲು ಪೂರ್ತಿ ಸರಿಯಾಗಿಯೇ ಕಾಣುತ್ತದೆ, ಫೋಟೋದಲ್ಲಿ ಏನೂ ಸಿಗದು. ಚಿಕಿತ್ಸೆ ಶುರುವಾಗುವಾಗಲೇ ದೃಷ್ಟಿ, ಬಣ್ಣ ಮತ್ತು ಗ್ಯಾಂಗ್ಲಿಯಾನ್ ಪದರದ ಒಂದು ಸ್ಕ್ಯಾನ್ ದಾಖಲಿಸಿಟ್ಟರೆ ಎರಡು ತಿಂಗಳ ನಂತರ ಹೋಲಿಸಲು ಏನಾದರೂ ಇರುತ್ತದೆ. ಶಂಕೆ ಬಂದರೆ ಔಷಧಿ ಕೊಡುತ್ತಿರುವ ವೈದ್ಯರಿಗೆ ಅಂದೇ ಫೋನ್ ಮಾಡಿ. ನಿಲ್ಲಿಸುವುದು, ಬದಲಿಸುವುದು ಅವರ ಜೊತೆ ಸೇರಿ ಆಗಬೇಕು, ಮನೆಯವರು ತಾವಾಗಿ ಮಾತ್ರೆ ಬಿಡಬಾರದು.

ರಿಪೋರ್ಟಿನಲ್ಲಿ ಇರಬೇಕಾದದ್ದು

ಕೇಳಿದ ಪ್ರಶ್ನೆ ಮೊದಲ ಸಾಲಿನಲ್ಲಿರಲಿ: "ಎರಡೂ ಡಿಸ್ಕ್ ಉಬ್ಬು, ಊತವೋ ಡ್ರೂಸನ್ನೋ". ಆಮೇಲೆ ವಯಸ್ಸು, ಕನ್ನಡಕದ ನಂಬರು, ದೃಷ್ಟಿ, ಯಂತ್ರದ ಹೆಸರು, ಸಿಗ್ನಲ್, ಯಾವ ಯಾವ ಸ್ಕ್ಯಾನ್ ಪೂರ್ತಿಯಾಗಿದೆ, ಯಾವುದು ಆಗಿಲ್ಲ. ಮಗು ಸಹಕರಿಸದೆ ಇಡಿಐ ತೆಗೆಯಲಾಗದಿದ್ದರೆ ಹಾಗೇ ಬರೆಯಿರಿ. "ಡ್ರೂಸನ್ ಕಾಣಲಿಲ್ಲ" ಎಂದು ಬರೆದರೆ ಮುಂದೆ ಓದುವವರು ಹುಡುಕಿ ಸಿಗಲಿಲ್ಲವೆಂದೇ ತಿಳಿಯುತ್ತಾರೆ. ಮುಂದಿನ ಸ್ಕ್ಯಾನಿನ ತಾರೀಖು ಬರೆದು ಮನೆಯವರಿಗೆ ಬಾಯಲ್ಲೂ ಹೇಳಿ, ನಡುವೆ ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕೆಂಬುದನ್ನೂ. ಮೂಲ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಕೊಡಿ. ಕಪ್ಪುಬಿಳುಪು ಜೆರಾಕ್ಸಿನಲ್ಲಿ ಬಂದ ಒಸಿಟಿ ಯಾರಿಗೂ ಉಪಯೋಗವಿಲ್ಲ, ವಾಟ್ಸಾಪಿನಲ್ಲಿ ಕುಗ್ಗಿ ಬಂದ ಫೋಟೋದಲ್ಲಿ ಡಿಸ್ಕಿನ ಅಂಚು ಎಲ್ಲರದೂ ಮಸುಕೇ.